ಒಂದೇ ಹೊಳೆಯ ಎರಡು ಪ್ರತಿ

ಹೊಳೆಯ ನೀರನ್ನು ಲಾಟ್ವಿಯಾದ ರಸಾಯನತಜ್ಞೆ ವೆಲ್ಗಾ ರುಟ್ಮನೆ ಮೂರು ಸಲ ಪರೀಕ್ಷಿಸಿದ್ದಳು. ಮೂರು ಸಲವೂ ನೂರು ಮಿಲಿಲೀಟರಿಗೆ ಮಲದ ಬ್ಯಾಕ್ಟೀರಿಯಾ ಮೂರು ಸಾವಿರದ ನಾನೂರರ ಆಸುಪಾಸು. ಸಾವಿರ ದಾಟಿದರೆ ಮಕ್ಕಳು ಆ ನೀರಿಗಿಳಿಯುವಂತಿಲ್ಲ. ಮೇಲೆಲ್ಲೋ ಹಂದಿ ಸಾಕಣೆಯ ಗುಂಡಿ ಸೋರುತ್ತಿತ್ತು. ಮೂಗಿದ್ದವರಿಗೆಲ್ಲ ಗೊತ್ತಿದ್ದ ಸಂಗತಿ.

ಹೊಳೆಯ ಈಚೆ ದಡ ಲಾಟ್ವಿಯಾ, ಆಚೆ ದಡ ಎಸ್ಟೋನಿಯಾ. ನಾಡಿದ್ದು ನಡುಬೇಸಿಗೆಯ ಯಾನಿ ಹಬ್ಬ. ಅಂದು ಎರಡೂ ಕಡೆಯ ಮಕ್ಕಳು ನೀರಿಗೆ ಬೀಳುವುದು ವಾಡಿಕೆ. ಈಜುಕಟ್ಟೆ ಮುಚ್ಚಲು ಪುರಸಭೆಗೆ ಜಂಟಿ ಸಮಿತಿಯ ಕಾಗದ ಬೇಕು, ಅದರ ಮೇಲೆ ಎರಡೂ ದೇಶದ ರುಜು ಬೇಕು. ಆ ರುಜು ಇವತ್ತು.

ರಾಜಧಾನಿ ರೀಗಾದ ವಿದೇಶಾಂಗ ಇಲಾಖೆಯಿಂದ ಬಂದಿದ್ದ ನೊರ್ಮುಂಡ್ಸ್ ಬೆಳಿಗ್ಗೆಯೇ ತಿಳಿಸಿದ್ದ: ಎರಡೂ ರಾಜಧಾನಿಗಳು ಒಂದು ಸಂಖ್ಯೆಗೆ ಒಪ್ಪಿಯಾಗಿದೆ, ಎಂಟುನೂರ ಅರವತ್ತು. ಹಿಂದಿನ ಮೂರು ವರ್ಷದ ಸರಾಸರಿಯಂತೆ. ಎರಡು ದೇಶಗಳ ಸಂಬಂಧದ ವಾರ್ಷಿಕೋತ್ಸವಕ್ಕೆ ಇಬ್ಬರು ರಾಯಭಾರಿಗಳು ಬರುವಾಗ ಹಂದಿಯ ಮಾತೇಕೆ?

ಈ ವಾರದ ಹೇಲನ್ನು ಮೂರು ವರ್ಷದ ನೀರಲ್ಲಿ ಕಲಸಿ ತೆಳು ಮಾಡುವುದಕ್ಕೆ ಸರಾಸರಿ ಎಂಬ ಹೆಸರು. ವೆಲ್ಗಾ ಪರೀಕ್ಷೆಯ ಹಾಳೆಯನ್ನು ಅವನ ಮುಂದಿಟ್ಟಳು.

"ಹೊಳೆ ಏನು ಹೇಳುತ್ತೆ ಅನ್ನೋದು ನಿಮಗೆ ಬೇಡ್ವೇನಪ್ಪ?"

"ಹೊಳೆಗೆ ವಿದೇಶಾಂಗ ನೀತಿ ಇಲ್ಲ, ಮೇಡಂ," ಅಂದ ಅವನು. ಕಪ್ಪು ಬ್ರೆಡ್ಡಿನ ಮೇಲಿದ್ದ ಹೊಗೆಯಾಡಿಸಿದ ಮೀನಿನ ಎಣ್ಣೆ ಅವನ ಬೆರಳಿಗೆ ಮೆತ್ತಿತ್ತು. ಅದೇ ಬೆರಳಲ್ಲಿ ಕಡತವನ್ನು ಅವಳ ಕಡೆ ಸರಿಸಿದ.

ಸಮಿತಿಯದೊಂದು ಹಳೆಯ ಪದ್ಧತಿ. ಕಾಗದ ಎರಡು ಪ್ರತಿ. ಪ್ರತಿ ಯಾವ ದೇಶದ್ದೋ ಅದರಲ್ಲಿ ಆ ದೇಶದ ಹೆಸರು ಮೊದಲು; ಆ ದೇಶದ ರಸಾಯನತಜ್ಞರೇ ಖಾಲಿ ಬಿಟ್ಟ ಜಾಗದಲ್ಲಿ ಸಂಖ್ಯೆಯನ್ನು ಕೈಯಾರೆ ಬರೆದು ಮೊದಲು ರುಜು ಹಾಕಬೇಕು. ಆಮೇಲೆ ಕಡತಗಳು ಅದಲುಬದಲಾಗಿ ಎರಡನೇ ರುಜು. ಯಾರೂ ಯಾರಿಗೂ ಕಡಿಮೆಯಾಗದಿರಲೆಂದು ಮಾಡಿಕೊಂಡ ಮರ್ಯಾದೆ ಅದು. ವೆಲ್ಗಾ ಅದನ್ನೇ ನೆಚ್ಚಿದ್ದಳು.

ಮಧ್ಯಾಹ್ನ ಪುರಭವನದಲ್ಲಿ, ಕ್ಯಾಮೆರಾಗಳ ಎದುರು, ತನ್ನ ಪ್ರತಿಯಲ್ಲಿ ೩೪೦೦ ಎಂದು ಬರೆದು ರುಜು ಹಾಕಿದಳು. ಕಡತಗಳು ಅದಲುಬದಲಾದವು.

ಪಕ್ಕದಲ್ಲಿ ಕೂತಿದ್ದವನು ತೊಯ್ವೊ, ಎಸ್ಟೋನಿಯಾದ ರಸಾಯನತಜ್ಞ. ಹತ್ತೊಂಬತ್ತು ವರ್ಷದಿಂದ ಇಬ್ಬರೂ ಒಂದೇ ಹೊಳೆಯ ನೀರು ಮೊಗೆದವರು. ಶಾಲೆಯಲ್ಲಿ ಕಲಿತ ರಷ್ಯನ್ನಿನಲ್ಲೇ ಮಾತು. ಅವನ ಪ್ರತಿಯಲ್ಲಿ ದುಂಡಗಿನ ಅಕ್ಷರದಲ್ಲಿ ೮೬೦ ಎಂದಿತ್ತು.

"ನಿನ್ನೆ ದಡದಲ್ಲಿ ನೀನೇ ಮೂರು ಸಾವಿರದ ನೂರು ಅಂದ್ಯಲ್ಲೋ," ಎಂದು ಪಿಸುಗುಟ್ಟಿದಳು.

"ನಿನ್ನೆ ಅಂದಿದ್ದು ನಾನು. ಇದು ಎಸ್ಟೋನಿಯಾ." ಅವನು ಕ್ಯಾಮೆರಾದ ಕಡೆಗೇ ನಗುತ್ತಿದ್ದ. ಅವನ ಹೆಬ್ಬೆರಳು ಅವಳ ಸಂಖ್ಯೆಯನ್ನು ಮುಚ್ಚಿತ್ತು. "ಮೊದಲು ನೀನು ಹಾಕು, ಆಮೇಲೆ ನಾನು. ನಿನ್ನ ದಡ ಉಳೀಬೇಕೋ ಬೇಡ್ವೋ?"

ಅವನ ರುಜುವಿಲ್ಲದೆ ಅವಳ ಕಾಗದ ರದ್ದಿ. ವೆಲ್ಗಾ ೮೬೦ರ ಕೆಳಗೆ ತನ್ನ ಹೆಸರು ಬರೆದಳು. ಅವನೂ ೩೪೦೦ರ ಕೆಳಗೆ ಬರೆದ. ಚಪ್ಪಾಳೆಯಾಯಿತು. ಒಬ್ಬ ರಾಯಭಾರಿ ನಮ್ಮ ಸ್ನೇಹ ಈ ಹೊಳೆಯಷ್ಟೇ ತಿಳಿ ಎಂದರು. ಇನ್ನೊಬ್ಬರು ಅದಕ್ಕೆ ಲೋಟ ಎತ್ತಿದರು. ಕಡತ ತೆರೆದು ನೋಡಿದವರು ಯಾರೂ ಇಲ್ಲ. ಮನೆಗೆ ಹೋದ ಮೇಲೆ ವೆಲ್ಗಾ ಎರಡು ಸಲ ಸೋಪು ಹಾಕಿ ಕೈ ತೊಳೆದಳು.

ಮರುದಿನವೇ ಲಾಟ್ವಿಯಾದ ಪ್ರತಿ ಹಿಡಿದು ಪುರಸಭೆಯವರು ಈಚೆ ದಡದ ಕಟ್ಟೆಗೆ ಬೇಲಿ ಹಾಕಿ, ನೀರಿಗಿಳಿಯಬಾರದೆಂದು ಫಲಕ ನೆಟ್ಟರು.

ಹಬ್ಬದ ದಿನ ಮಧ್ಯಾಹ್ನ ಈಚೆಯ ಮಕ್ಕಳು ಓಕ್ ಎಲೆಯ ಕಿರೀಟ ತೊಟ್ಟು ಬೇಲಿ ಹಿಡಿದು ನಿಂತಿದ್ದರು. ಮೂವತ್ತು ಹೆಜ್ಜೆ ಆಚೆ, ಅದೇ ನೀರಿನಲ್ಲಿ, ಎಸ್ಟೋನಿಯಾದ ಮಕ್ಕಳು ಧುಮುಕುತ್ತಿದ್ದರು. ನಾತ ಮಾತ್ರ ಎರಡೂ ಕಡೆಗೆ ಸಮ.

ವೆಲ್ಗಾ ಬೇಲಿ ದಾಟಿ ನೀರಿನಂಚಿಗೆ ಹೋಗಿ, ಮಕ್ಕಳನ್ನು ಮೇಲೆ ಕರೆಯಿರಿ ಎಂದು ರಷ್ಯನ್ನಿನಲ್ಲಿ ಕೂಗಿದಳು. ಆಚೆ ಮಾಂಸ ಸುಡುತ್ತಿದ್ದ ಒಬ್ಬಾತ ತಲೆಯೆತ್ತಿ, ಕಂಬಕ್ಕೆ ಅಂಟಿಸಿದ್ದ ಕಾಗದ ತೋರಿಸಿದ.

"ಸರ್ಕಾರದ್ದೇ ಇದೆ ನೋಡಮ್ಮ, ಎಂಟುನೂರ ಅರವತ್ತು. ನಿಮ್ಮ ಕಡೆಯವಳ ರುಜುನೂ ಇದೆ. ರುಟ್ಮನೆ ಅಂತೆ. ಗೊತ್ತಾ ನಿಮಗೆ?"

"ಗೊತ್ತು," ಅಂದಳು ವೆಲ್ಗಾ. "ಅವಳನ್ನ ನಂಬಬೇಡಿ."

ಆತ ನಕ್ಕು ಮಾಂಸ ಮಗುಚಿದ. ಅವನ ಮುಂದೆ ನೀರಲ್ಲಿ ಒಬ್ಬಳು ಹುಡುಗಿ ಬಾಯ್ತುಂಬ ಹೊಳೆ ನೀರು ತುಂಬಿಕೊಂಡು, ಗೆಳತಿಯ ಮುಖಕ್ಕೆ ಕಾರಂಜಿಯ ಹಾಗೆ ಉಗುಳಿದಳು.