ಒಂಬತ್ತಕ್ಕೆ ಸಡಿಲಾಗುವ ಬೆರಳು

ತಪ್ ತಪ್ ತಪ್, ರೊಟ್ಟಿ ಬಡಿಯುವ ಸಪ್ಪಳ ನವನಗರದ ಓಣಿಯ ತಿರುವಿಗೇ ಕೇಳುತ್ತಿದೆ, ನಾಲ್ಕು ಜನರ ಸಪ್ಪಳ, ಐದನೆಯದು ನನ್ನದಿರಬೇಕಿತ್ತು ಎಂದುಕೊಂಡಳು ದುರಗವ್ವ, ಗಂಟೆ ಎಂಟಾಯಿತು, ಬರಬೇಕಾದದ್ದು ಆರೂವರೆಗೆ — ಕಾಲು ಬಿರಬಿರನೆ ನಡೆಯುತ್ತವೆ, ಸೆಟೆದು ಕೂತಿರುವುದು ಬೆರಳು, ಸೆರಗಿನ ಪಿನ್ನನ್ನೂ ಮಗಳೇ ಹಾಕಿಕೊಟ್ಟಳು, ನೋಡಿದರೆ ಏನೂ ಇಲ್ಲ, ಬಾವಿಲ್ಲ, ಗಾಯವಿಲ್ಲ, ಬಳೆ ತುಂಬಿದ ಚಂದದ ಕೈ. ಇನ್ನೊಮ್ಮೆ ತಡಾ ಆದ್ರ ಬರೂದ ಬ್ಯಾಡವಾ, ಬ್ಯಾರೆದಾರ್ನ ನೋಡ್ಕೋತೇನಿ, ನಿನ್ನೆ ದ್ರಾಕ್ಷಾಯಿಣಿ ಅಕ್ಕಾರು ಅಂದರು, ರೊಟ್ಟಿ ಕೇಂದ್ರದ ಯಜಮಾನಿ, ಕೆಟ್ಟವರಲ್ಲ, ಆದರೆ ಹನ್ನೊಂದಕ್ಕೆ ಖಾನಾವಳಿಗಳಿಗೆ ರೊಟ್ಟಿ ಮುಟ್ಟಬೇಕಲ್ಲ — ಇವತ್ತು ಏನು ಹೇಳಲಿ, ಬಸ್ಸು ತಪ್ಪಿತು ಎಂದದ್ದಾಯಿತು, ಎಂಟು ದಿನಕ್ಕೊಮ್ಮೆ ಬರುವ ನಲ್ಲಿ ನೀರು ವಾರದಲ್ಲಿ ಮೂರು ಸಲ ಬಂತು ಎಂದದ್ದಾಯಿತು, ಹೆಬ್ಬಳ್ಳಿಯ ಸೋದರತ್ತೆಯನ್ನು ಎರಡು ಸಲ ಸಾಯಿಸಿದ್ದೂ ಆಯಿತು, ಪಾಪ, ಆಕೆ ಇನ್ನೂ ಗಟ್ಟಿಮುಟ್ಟಾಗಿ ಹೊಲಕ್ಕೆ ಹೋಗುತ್ತಾಳೆ. ಸುಳ್ಳನ್ನು ಮಂದಿ ನಂಬಿದರು, ಖರೇ ಹೇಳಿದ್ದು ಒಮ್ಮೆ, ಗಂಡನಿಗೆ, ಬೆರಳು ಮಡಚೂದಿಲ್ರಿ ಎಂದು, ಉಣ್ಣಾಕ ಮಡಚ್ತಾವಲ್ಲ ಎಂದು ಕಲ್ಲೇಶ ನಕ್ಕಿದ್ದ, ಆಮೇಲೆ ದೊಡ್ಡಾಸ್ಪತ್ರೆಗೆ ಕರೆದೊಯ್ದವನೂ ಅವನೇ ಅನ್ನು. ಸಂಧಿವಾತ ಐತ್ರಿ, ಎಂದಿದ್ದಳು ಡಾಕ್ಟರ್ ಹುಡುಗಿ, ಜಡ್ಡಿನ ಜೋಡಿ ಬಡದಾಡೂ ಶಕ್ತಿ ಹಾದಿ ತಪ್ಪಿ ನಿಮ್ಮ ಕೀಲಿಗೇ ಬಡ್ಯಾಕತ್ತೈತಿ, ಪೂರಾ ಹೋಗೂದಿಲ್ಲ, ಆದ್ರ ಗುಳಿಗಿ ತಪ್ಪಸಬ್ಯಾಡ್ರಿ, ಹತೋಟ್ಯಾಗ ಇರತೈತಿ — ಇದೆಯಲ್ಲ, ಮೊದಲು ಮಧ್ಯಾಹ್ನವಾದರೂ ಬಿಡದ ಬೆರಳು ಈಗ ಒಂಬತ್ತಕ್ಕೇ ಸಡಿಲಾಗುತ್ತವೆ, ಒಂಬತ್ತರ ಮೇಲೆ ನನ್ನಷ್ಟು ತೆಳ್ಳಗೆ ಬಡಿಯುವವರು ಯಾರಿದ್ದಾರೆ ಅಲ್ಲಿ, ಆದರೆ ಕಾಣದ್ದನ್ನು ತೋರಿಸುವುದು ಹೇಗೆ.

ಚಪ್ಪಲಿ ಬಿಡುವಷ್ಟರಲ್ಲಿ ರೆಹಮತ್‌ಬಿ, ಪಕ್ಕದ ಮಣೆಯವಳು, ಬಡಿಯುವ ಕೈ ನಿಲ್ಲಿಸದೆ ಬಾಯಿ ಹಾಕಿದಳು, ಏನ ದುರಗವ್ವಾ, ಹೆಬ್ಬಳ್ಳಿ ಅತ್ತಿ ಮೂರನೇ ಸಲ ಹೋದ್ಲೇನು, ಎಲ್ಲರೂ ನಕ್ಕರು, ದುರಗವ್ವನಿಗೂ ನಗು ಬಂತು, ಆ ನಗುವಿನ ಬೆನ್ನಿಗೇ ಮಾತು ಹೊರಬಿತ್ತು — ಅತ್ತಿ ಎಲ್ಲಿ ಸಾಯ್ತಾಳ, ನನ್ನ ಕೈ ಸಾಯಾಕತ್ತಾವ, ಸಂಧಿವಾತ ಐತ್ರಿ ಅಕ್ಕಾರ, ವರ್ಷ ಆತು, ಒಂಬತ್ತರ ತನಕ ಬೆರಳ ಮಡಚೂದಿಲ್ಲ, ಕೆಲಸ ಹೋಗತೈತೆಂತ ಸುಳ್ಳ ಹೇಳೇನಿ. ಸಪ್ಪಳ ನಿಂತಿತು, ನಾಲ್ಕೂ. ದ್ರಾಕ್ಷಾಯಿಣಿ ಅಕ್ಕಾರು ಕೈ ನೋಡುತ್ತಿದ್ದಾರೆ, ಏನು ಕಾಣುತ್ತದೆ ಅವರಿಗೆ, ಬಳೆ ಕಾಣುತ್ತವೆ, ಇದೂ ಅತ್ತಿ ಹಂಗ ಅಲ್ಲಲ್ಲ ಮತ್ತ, ಎಂದರು, ಅನ್ನಲಿ, ಅನ್ನಿಸಿಕೊಳ್ಳುವಂಥದ್ದೇ ಮಾಡಿದ್ದೇನೆ, ಹೋಯಿತು ಕೆಲಸ — ಅಷ್ಟರಲ್ಲಿ ರೆಹಮತ್‌ಬಿ ಎದ್ದು ಬಂದು ಕೈ ಹಿಡಿದಳು, ಎಲ್ಲೆಲ್ಲಿ ನೋಯತೈತಿ ತೋರಸು, ಇಲ್ಲೇನ, ಹೂಂ, ಇಲ್ಲೆ, ಹೂಂ ಅಕ್ಕಾ ಮೆಲ್ಲಕ, ಹಿಟ್ಟಿನ ಹೆಬ್ಬೆರಳು ಒತ್ತಿದಲ್ಲೆಲ್ಲ ಬಿಳಿ ಗುರುತು ಉಳಿಯುತ್ತಿದೆ, ಯವ್ವಾ, ಇಷ್ಟ ಕಡೇನ, ಯಾರೋ ಅಂದರು, ಎಲ್ಲರೂ ಬಗ್ಗಿ ನೋಡುತ್ತಿದ್ದಾರೆ, ಆ ಕೈನೂ ತಾ ಇಲ್ಲೆ, ಮತ್ತೆ ಬಿಳಿ, ಮತ್ತೆ ಬಿಳಿ, ದ್ರಾಕ್ಷಾಯಿಣಿ ಅಕ್ಕಾರು ಹತ್ತಿರ ಬಂದರು, ಹುಚ್ಚಿ, ಮೊದಲ ಹೇಳಬಾರದೇನ, ಒಂಬತ್ತರ ತನಕ ಹಂಚಿನ ಮುಂದ ಕುಂದ್ರು, ಬೆರಳಿಗೆ ಕಾವು ಹತ್ತತೈತಿ, ನೀರ ಸವರಿ ತಿರುವಿ ಹಾಕು, ಆಮ್ಯಾಲ ಬಡಿಯಾಕ ಬಾ, ಆದ್ರ ಲಗೂ ಬರಬೇಕ ನೋಡು — ಹೂಂನ್ರಿ ಅಂದಳು ದುರಗವ್ವ, ಕಣ್ಣು ಕೈ ಬಿಟ್ಟು ಕದಲುತ್ತಿಲ್ಲ, ಗೆಣ್ಣಿಗೊಂದು ಬಿಳಿ, ಎಣಿಸಿದರೆ ಹನ್ನೊಂದು, ಕಪ್ಪು ಬೆರಳ ಮೇಲೆ ಜೋಳದ ಹಿಟ್ಟಿನ ಬಿಳಿ, ಇಲ್ಲಿ, ಇಲ್ಲಿ, ಇಲ್ಲಿ —