ಕಡ್ಲೆಗೆ ಹಾಕಿದ ಬರೆ

ನನ್ನ ಹೊಟ್ಟೆಯ ಮೇಲೆ, ಹೊಕ್ಕಳಿನ ಬಲಕ್ಕೆ, ಮೂರು ಬರೆಗಳಿವೆ. ಹನ್ನೊಂದು ತಿಂಗಳ ಕೂಸಾಗಿದ್ದಾಗ ಜ್ವರ ಏರಿ ನನಗೆ ಫಿಟ್ಸ್ ಬಂದಿತ್ತಂತೆ. ಅಜ್ಜಿ ಅರಿಸಿನದ ಕೊಂಬನ್ನು ದೀಪಕ್ಕೆ ಹಿಡಿದು ಕಾಯಿಸಿ ಮೂರು ಕಡೆ ಒತ್ತಿದಳಂತೆ. ಅಲ್ಲಿಗೆ ಫಿಟ್ಸ್ ನಿಂತಿತು, ಹುಡುಗಿ ಉಳಿಯಿತು. ನಮ್ಮ ಮನೆಯಲ್ಲಿ ಈ ಕಥೆಯನ್ನು ನೆಂಟರು ಬಂದಾಗಲೆಲ್ಲ ಹೇಳುತ್ತಿದ್ದರು. ಭದ್ರಾವತಿಯ ಹಳೇನಗರದ ನಮ್ಮ ಬೀದಿಯಲ್ಲಿ ಅಜ್ಜಿಗೆ ಬರೆ ಸುಭದ್ರಮ್ಮ ಎಂದೇ ಹೆಸರು. ಫಿಟ್ಸ್ ಬಂದ ಮಕ್ಕಳನ್ನು ಎತ್ತಿಕೊಂಡು ಜನ ನಮ್ಮ ಮನೆಗೆ ಬರುತ್ತಿದ್ದರು.

ಕಡ್ಲೆ ನಮ್ಮ ನಾಯಿ. ತಾಯಿ ಪಕ್ಕದ ಬೀದಿಯ ಪಾಮೇರಿಯನ್. ತಂದೆ ಯಾರೆಂದು ಯಾರೂ ವಿಚಾರಿಸಿರಲಿಲ್ಲ. ದೊಡ್ಡದಾದ ಮೇಲೂ ಐದು ಕೆಜಿ ದಾಟಲಿಲ್ಲ. ೧೯೯೯ರ ಜನವರಿಯಲ್ಲಿ ಅದಕ್ಕೆ ಜ್ವರ ಬಂತು, ಕಣ್ಣು ಮೂಗಿನಿಂದ ಕೀವು ಸುರಿಯಿತು. ವಾಸಿಯಾಯಿತು ಅಂದುಕೊಳ್ಳುವಷ್ಟರಲ್ಲಿ ಎಡ ಹಿಂಗಾಲು ತಾನಾಗಿ ಅದುರತೊಡಗಿತು, ನಿದ್ದೆಯಲ್ಲೂ. ಆಮೇಲೆ ಫಿಟ್ಸ್ ಶುರುವಾಯಿತು. ಬಾಯಲ್ಲಿ ನೊರೆ ಬರುತ್ತಿತ್ತು, ನಾಲ್ಕೂ ಕಾಲು ಗಾಳಿಯಲ್ಲಿ ಓಡುತ್ತಿದ್ದವು, ಮಲಗಿದ್ದಲ್ಲೇ ಉಚ್ಚೆ ಹೋಗುತ್ತಿತ್ತು.

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಾಯಿಗಳನ್ನು ನೋಡುವ ಡಾಕ್ಟರ್ ಒಬ್ಬರಿದ್ದರು, ಪ್ರಸನ್ನಕುಮಾರ್. ಅವರು ಪರೀಕ್ಷೆ ಮಾಡಿ, ಇದು ಡಿಸ್ಟೆಂಪರ್, ಮೆದುಳಿಗೆ ಏರಿದೆ, ಕಾಲು ಅದುರುವುದು ನಿಲ್ಲುವುದಿಲ್ಲ, ಫಿಟ್ಸನ್ನು ಮಾತ್ರ ಮಾತ್ರೆಯಿಂದ ಹಿಡಿತದಲ್ಲಿಡಬಹುದು ಎಂದರು. ಬೆಳಿಗ್ಗೆ ಏಳಕ್ಕೆ ಅರ್ಧ, ಸಂಜೆ ಏಳಕ್ಕೆ ಅರ್ಧ. ಒಂದು ಹೊತ್ತೂ ತಪ್ಪಿಸುವಂತಿಲ್ಲ.

ಮನೆಗೆ ಬಂದು ಹೇಳಿದಾಗ ಅಪ್ಪಾಜಿ ಪೇಪರಿನಿಂದ ತಲೆಯೆತ್ತಿದರು. "ಡಿಸ್ಟೆಂಪರ್ ಅಂದ್ರೆ ಗೋಡೆಗೆ ಹೊಡಿಯೋದಲ್ವೇನೆ ತನುಜಾ? ನಾಯಿಗೆ ಯಾವಾಗ ಬಳಿದ್ರು?"

ನಗು ಬರಲಿಲ್ಲ. ಆದರೆ ಮಾತ್ರೆ ಕೆಲಸ ಮಾಡಿತು. ದಿನಕ್ಕೆ ಮೂರು ನಾಲ್ಕು ಸಲ ಬರುತ್ತಿದ್ದದ್ದು ವಾರಕ್ಕೆ ಒಂದಕ್ಕೆ ಇಳಿಯಿತು.

ನಾನು ಶಂಕರಘಟ್ಟದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮಾರ್ಚಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆಗೆಂದು ನಾಲ್ಕು ದಿನ ಗೆಳತಿಯ ಹಾಸ್ಟೆಲ್ ರೂಮಿನಲ್ಲಿ ಉಳಿಯಬೇಕಾಯಿತು. ಅಪ್ಪಾಜಿಗೆ ಡ್ಯೂಟಿ, ಅಮ್ಮನಿಗೆ ಅಂಗನವಾಡಿ. ಎರಡೂ ಹೊತ್ತು ತಪ್ಪದೆ ಮನೆಯಲ್ಲಿರುವವಳು ಅಜ್ಜಿ ಒಬ್ಬಳೇ. ಮಾತ್ರೆಯನ್ನು ಬಾಳೆಹಣ್ಣಿನಲ್ಲಿ ಹೇಗೆ ಅಡಗಿಸಬೇಕೆಂದು ಅವಳಿಗೆ ಎರಡು ಸಲ ತೋರಿಸಿದೆ.

"ಆಯ್ತು ಹೋಗೇ ಮಾರಾಯ್ತಿ," ಅಂದಳು. "ನಿಮ್ಮಪ್ಪನ್ನೇ ಸಾಕಿದೀನಿ. ನಾಯಿ ಸಾಕಕ್ಕಾಗಲ್ವಾ?"

ನಾಲ್ಕನೆಯ ದಿನ ಮಧ್ಯಾಹ್ನ ಬಂದೆ. ಕಡ್ಲೆ ಬಾಗಿಲಿಗೆ ಬರಲಿಲ್ಲ. ಬಚ್ಚಲಿನ ಒಲೆಯ ಹಿಂದೆ, ಸೌದೆಯ ಸಂದಿಯಲ್ಲಿ ತುರುಕಿಕೊಂಡಿತ್ತು. ಎಳೆಯಲು ಹೋದಾಗ ಕಚ್ಚಿತು. ಅದು ನನ್ನನ್ನು ಯಾವತ್ತೂ ಕಚ್ಚಿರಲಿಲ್ಲ. ಬಲ ತೊಡೆಯ ಮೇಲೆ ಕೂದಲನ್ನು ಕತ್ತರಿಯಲ್ಲಿ ಕತ್ತರಿಸಿದ್ದರು. ಅಲ್ಲಿ ಮೂರು ಬರೆ, ಒಂದೊಂದು ಬೆರಳುದ್ದ. ಎರಡು ಒಡೆದು ಕೀವು ಕಟ್ಟಿದ್ದವು. ಮೂರನೆಯದು ಅಡ್ಡಾದಿಡ್ಡಿ ಜಾರಿ ಹೊಟ್ಟೆಯ ಮೆತ್ತನೆಯ ಚರ್ಮದವರೆಗೆ ಹೋಗಿತ್ತು.

"ಅಜ್ಜೀ, ಏನಿದು?"

"ಬರೆ ಹಾಕ್ದೆ. ನೀನು ಹೋದ ದಿನವೇ ಎರಡು ಸಲ ಬಂತು. ನನ್ನ ಕೈಲಿ ನೋಡಕ್ಕಾಗ್ಲಿಲ್ಲ."

"ಯಾವುದರಲ್ಲಿ?"

"ಕುಡುಗೋಲಲ್ಲಿ. ನಿಂಗಾದ್ರೆ ಅರಿಸಿನ ಕೊಂಬು ಸಾಕಾಯ್ತು. ಅದರ ಚರ್ಮ ದಪ್ಪ."

"ಮಾತ್ರೆ ಕೊಟ್ಯಾ?"

"ಬರೆ ಹಾಕಿದ ಮೇಲೆ ಮೂರು ದಿನ ಬೇರೆ ಔಷಧಿ ಮುಟ್ಟಿಸಬಾರದು. ಬರೆ ಹತ್ತಲ್ಲ."

ನಾನು ಕೂಗಾಡಿದೆ. ಏನೇನು ಅಂದೆ ಎಂದು ಇಲ್ಲಿ ಬರೆಯುವುದಿಲ್ಲ. ಅಜ್ಜಿ ಅಕ್ಕಿ ಆರಿಸುತ್ತಲೇ ಇದ್ದಳು. ನಾನು ಕೂಗುವಾಗಲೇ ಕಡ್ಲೆಗೆ ಫಿಟ್ಸ್ ಬಂತು. ಒದ್ದಾಡುವ ಕಾಲಿನಿಂದ ಗಾಯ ಸಿಮೆಂಟಿಗೆ ಉಜ್ಜಿ ರಕ್ತ ಬಂತು. ಅಜ್ಜಿ ಆಗ ಮಾತ್ರ ಮೊರ ಕೆಳಗಿಟ್ಟು ಹೇಳಿದಳು: "ಮೂರನೇದು ಸರಿಯಾಗಿ ಬೀಳಲಿಲ್ಲ. ಜಗ್ಗಿಬಿಡ್ತು. ಅದಕ್ಕೇ ನಿಂತಿಲ್ಲ. ಇನ್ನೊಂದು ಹಾಕಿದ್ರೆ..."

ನಾನು ಎದ್ದು ಹೋಗಿ ಕುಡುಗೋಲನ್ನು ಬಾವಿಗೆ ಎಸೆದೆ.

ಮರುದಿನ ಸೋಮವಾರ. ಬೆಳಿಗ್ಗೆ ಕಡ್ಲೆಯನ್ನು ತರಕಾರಿ ಬುಟ್ಟಿಯಲ್ಲಿ ಹಳೆಯ ಸೀರೆ ಹಾಸಿ ಮಲಗಿಸಿ ಶಿವಮೊಗ್ಗದ ಬಸ್ ಹತ್ತಿದೆ. ಕಂಡಕ್ಟರ್ ಬುಟ್ಟಿಯೊಳಗೆ ಬಗ್ಗಿ ನೋಡಿದ.

"ಏನಕ್ಕ, ಇದು ಲಗೇಜಾ, ಪ್ಯಾಸೆಂಜರಾ?"

"ಪೇಷಂಟು."

ಅವನು ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ.

ಪ್ರಸನ್ನಕುಮಾರ್ ಗಾಯ ನೋಡಿ ಕನ್ನಡಕ ತೆಗೆದರು. "ಯಾರು ಮಾಡಿದ್ದು ಇದನ್ನ?"

"ನಮ್ಮಜ್ಜಿ."

"ಪೊಲೀಸಿಗೆ ಕೊಡಬೇಕು."

"ಎಪ್ಪತ್ತೆರಡು ವರ್ಷ ಸರ್."

ಅವರು ನೋವಿಗೊಂದು, ಫಿಟ್ಸಿಗೊಂದು ಇಂಜೆಕ್ಷನ್ ಕೊಟ್ಟರು. ಕಡ್ಲೆ ಸಡಿಲವಾಯಿತು. ಅದುರುವ ಕಾಲು ಮಾತ್ರ ಅದುರುತ್ತಿತ್ತು. ಆಮೇಲೆ ನೇರವಾಗಿ ಹೇಳಿದರು: "ನೋಡಮ್ಮ, ಗಾಯ ಆಳವಿದೆ. ಫಿಟ್ಸ್ ಬಂದಾಗಲೆಲ್ಲ ಕಿತ್ತುಹೋಗುತ್ತೆ. ನೊಣ ಕೂತ್ರೆ ಹುಳ ಆಗುತ್ತೆ. ಇನ್ನೊಂದು ಇಂಜೆಕ್ಷನ್ ಕೊಟ್ರೆ ಅದಕ್ಕೆ ನೋವಿಲ್ಲದೆ ಮುಗಿಯುತ್ತೆ. ನನ್ನ ನಾಯಿಯಾಗಿದ್ರೆ ಹಾಗೇ ಮಾಡ್ತಿದ್ದೆ."

"ನಿಮ್ಮ ನಾಯಿ ಅಲ್ವಲ್ಲ ಸರ್. ಉಳಿಸಬೇಕು ಅಂದ್ರೆ ಏನು ಮಾಡಬೇಕು ಹೇಳಿ."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಹೇಳಿದ್ದನ್ನೆಲ್ಲ ಪ್ರಾಕ್ಟಿಕಲ್ ನೋಟ್ಸಿನಂತೆ ಬರೆದುಕೊಂಡೆ. ಎರಡು ಹೊತ್ತು ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಗಾಯ ತೊಳೆದು ಬಿಳಿ ಮುಲಾಮು ಹಚ್ಚುವುದು. ಒಂದೇ ಮಗ್ಗುಲಲ್ಲಿ ಬಿಡದೆ ಹೊರಳಿಸುತ್ತಿರುವುದು. ಎಚ್ಚರ ಇದ್ದಾಗ ಮಾತ್ರ ಸೂಜಿ ತೆಗೆದ ಸಿರಿಂಜಿನಲ್ಲಿ ಗಂಜಿ, ಗಂಜಿಯಲ್ಲಿ ಮೊಟ್ಟೆ ಕಲಸಿ.

"ಮುಂದಿನ ಸೋಮವಾರ ತಗೊಂಡು ಬಾ," ಎಂದರು. "ತಾನೇ ಎದ್ದು ನಿಲ್ಲಬೇಕು, ತಾನೇ ತಿನ್ನಬೇಕು. ಎರಡೂ ಆದ್ರೆ ಮುಂದಿನದು ಯೋಚಿಸೋಣ. ಇಲ್ಲದಿದ್ರೆ ನೀನು ಹಟ ಮಾಡಬಾರದು."

ಒಪ್ಪಿಕೊಂಡೆ. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದೆ: "ಸರ್, ಕೂಸಿಗೆ ಜ್ವರದಲ್ಲಿ ಫಿಟ್ಸ್ ಬಂದ್ರೆ ಬರೆ ಹಾಕಿ ನಿಲ್ಲಿಸಬಹುದಾ?"

"ಜ್ವರದ ಫಿಟ್ಸ್ ದೊಡ್ಡವರಾಗ್ತಾ ಬಹಳ ಮಕ್ಕಳಿಗೆ ತಾನಾಗೇ ನಿಲ್ಲುತ್ತೆ. ಬರೆ ಹಾಕಿದ್ರೂ ನಿಲ್ಲುತ್ತೆ, ಹಾಕದಿದ್ರೂ ನಿಲ್ಲುತ್ತೆ. ಯಾಕೆ?"

"ಸುಮ್ನೆ."

ಆ ವಾರ ಶಂಕರಘಟ್ಟಕ್ಕೆ ಹೋಗಲಿಲ್ಲ. ಮೊದಲ ಜಗಳ ಮೊಟ್ಟೆಗೆ ಆಯಿತು. ನಮ್ಮದು ಲಿಂಗ ಕಟ್ಟಿದ ಮನೆ. "ಅದು ಈ ಹೊಸ್ತಿಲು ದಾಟಿ ಒಳಗೆ ಬಂದ್ರೆ ನಾನು ದಾಟಿ ಆಚೆ ಹೋಗ್ತೀನಿ," ಎಂದಳು ಅಜ್ಜಿ. ಪಕ್ಕದ ಮನೆಯ ವಸಂತಮ್ಮ ತಮ್ಮ ಒಲೆಯಲ್ಲಿ ಬೇಯಿಸಿ ಗೋಡೆಯ ಮೇಲಿಂದ ಕೊಡುತ್ತಿದ್ದರು. "ನಿಮ್ಮ ಕಡ್ಲೆ ನಮ್ಮ ಜಾತಿಗೆ ಬಂತು ಬಿಡೇ," ಎಂದು ನಗುತ್ತಿದ್ದರು. ಕಡ್ಲೆಯನ್ನು ಹಿತ್ತಲಿನ ಶೆಡ್ಡಿನಲ್ಲಿ ಸೊಳ್ಳೆ ಪರದೆ ಕಟ್ಟಿ ಮಲಗಿಸಿ, ಅಲ್ಲೇ ಮೊಟ್ಟೆ ಕಿವುಚಿ ತಿನ್ನಿಸುತ್ತಿದ್ದೆ.

ಗಾಯ ತೊಳೆಯುವುದು ಒಬ್ಬರಿಂದ ಆಗುವ ಕೆಲಸವಲ್ಲ. ಒಂದು ಕೈಯಲ್ಲಿ ಮೂತಿ ಹಿಡಿದರೆ ಇನ್ನೊಂದು ಕೈ ಸಾಲದು. ಅಮ್ಮ ಬೆಳಿಗ್ಗೆ ಹಿಡಿಯುತ್ತಿದ್ದಳು. ಮಂಗಳವಾರ ಸಂಜೆ ಅಮ್ಮ ಬರುವುದು ತಡವಾಯಿತು. ಅಜ್ಜಿ ತಾನಾಗೇ ಬಂದು ಕುಕ್ಕರಗಾಲಲ್ಲಿ ಕೂತಳು.

"ನಾನು ಹಿಡ್ಕೋತೀನಿ ತಗೋ."

ಅವಳ ಕೈ ಹತ್ತಿರ ಬಂದದ್ದೇ ತಡ, ಎದ್ದು ನಿಲ್ಲಲೂ ಆಗದ ನಾಯಿ ಉಚ್ಚೆ ಹೊಯ್ದುಕೊಂಡು, ಎದೆಯ ಮೇಲೆ ತೆವಳಿ ಗೋಡೆಯ ಮೂಲೆಗೆ ಹೋಯಿತು. ಅಜ್ಜಿ ಚಾಚಿದ ಕೈಯನ್ನು ಹಾಗೇ ಹಿಡಿದುಕೊಂಡಿದ್ದಳು. ಆಮೇಲೆ ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು. ನಾನು ಸಮಾಧಾನ ಹೇಳಲಿಲ್ಲ.

ಬುಧವಾರ ಎರಡು ಸಲ ಫಿಟ್ಸ್. ಗುರುವಾರ ಒಂದು. ಶುಕ್ರವಾರ ಇಲ್ಲ. ಗಾಯದ ಅಂಚು ಕೆಂಪಾಗಿ ಒಣಗತೊಡಗಿತು. ಶುಕ್ರವಾರ ಮಧ್ಯಾಹ್ನ ಕಡ್ಲೆ ಎದ್ದು ನಿಂತು, ಮೂರು ಹೆಜ್ಜೆ ಹಾಕಿ, ಕುಡುಕನಂತೆ ವಾಲಿ ಬಿತ್ತು. ಆದರೆ ತಟ್ಟೆಗೆ ಬಾಯಿ ಹಾಕಲಿಲ್ಲ. ಮುಂದೆ ಇಟ್ಟದ್ದನ್ನು ಮೂಸಿ ಮುಖ ತಿರುಗಿಸುತ್ತಿತ್ತು.

"ನಿಂತ್ರೂ ಏನು ಬಂತು? ತಿನ್ನಲ್ವಲ್ಲ," ಎಂದಳು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಜ್ಜಿ. "ನಿಂಗೆ ಬರೆ ಹಾಕಿದ ಮಾರನೇ ದಿನವೇ ಎದೆಹಾಲು ಕುಡಿದೆ."

ನನಗೆ ಸಾಕಾಗಿತ್ತು. ಡಾಕ್ಟರ್ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಬರೆ ಹಾಕಿದರೂ ನಿಲ್ಲುತ್ತೆ, ಹಾಕದಿದ್ದರೂ ನಿಲ್ಲುತ್ತೆ. ನಾನು ಬದುಕಿದ್ದು ನಿನ್ನಿಂದಲ್ಲ.

ಅವಳು ಜಗಳಕ್ಕೆ ಬರುತ್ತಾಳೆಂದು ಕಾದೆ. ಬರಲಿಲ್ಲ. ಹೊಸ್ತಿಲ ಮೇಲೆ ಕೂತು ಎಲೆಅಡಿಕೆ ಚೀಲ ಬಿಚ್ಚಿದಳು. ಎಲೆಗೆ ಸುಣ್ಣ ಸವರಿದಳು, ಮತ್ತೆ ಸವರಿದಳು.

"ಆಮೇಲೂ ಬಂದಿತ್ತು," ಎಂದಳು.

"ಏನು?"

"ನಿಂಗೆ. ಬರೆ ಹಾಕಿ ತಿಂಗಳಾದ ಮೇಲೆ. ನಿಮ್ಮಮ್ಮ ನೀರಿಗೆ ಹೋಗಿದ್ಲು, ನನ್ನ ತೊಡೆ ಮೇಲೇ ಬಂತು. ಅವಳಿಗೆ ಹೇಳಲಿಲ್ಲ. ಬರೆಗೆ ಕೀವಾಗಿದೆ ಅಂತ ಮೊದಲೇ ನನ್ನ ಜೊತೆ ಮಾತು ಬಿಟ್ಟಿದ್ಲು." ಎಲೆ ಮಡಿಚಿದಳು, ಬಾಯಿಗೆ ಹಾಕಲಿಲ್ಲ. "ಇನ್ಯಾರಿಗೂ ಹೇಳಲಿಲ್ಲ. ಅಷ್ಟರಲ್ಲಿ ಜನ ಬರಕ್ಕೆ ಶುರುಮಾಡಿದ್ರು."

ಇಪ್ಪತ್ತೊಂದು ವರ್ಷ ಅವಳು ಅದರ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ಸಿರಿಂಜು ತೊಳೆಯಲು ಎದ್ದು ಹೋದೆ.

ಶನಿವಾರ ಹಿಂದಿನ ಬೀದಿಯ ಉಚ್ಚಂಗಮ್ಮ ಮೊಮ್ಮಗನನ್ನು ಸೊಂಟದಲ್ಲಿ ಕೂರಿಸಿಕೊಂಡು ಬಂದಳು. ಮಗುವಿಗೆ ನಿನ್ನೆ ಕಣ್ಣು ಮೇಲಾಯಿತಂತೆ. "ಒಂದು ಎಳೆದುಬಿಡಿ ಸುಭದ್ರಮ್ಮನೋರೆ."

"ಆಗಲ್ಲ ಕಣೇ," ಎಂದಳು ಅಜ್ಜಿ. "ಕೈ ನಡುಗುತ್ತೆ ಈಗ. ಎಲ್ಲಾದ್ರೂ ಬಿದ್ದುಬಿಡುತ್ತೆ. ಆಸ್ಪತ್ರೆಗೆ ಹೋಗು. ಈಗಲೇ ಹೋಗು."

ಅವಳ ಕೈ ನಡುಗುತ್ತಿರಲಿಲ್ಲ.

ಶನಿವಾರ, ಭಾನುವಾರ ಎರಡೂ ದಿನ ಕಡ್ಲೆ ಸಿರಿಂಜಿಗೂ ಬಾಯಿ ಬಿಗಿಹಿಡಿಯಿತು. ಗಂಜಿ ಕಟವಾಯಿಯಿಂದ ಹೊರಗೆ ಹರಿಯಿತು. ಗಾಯ ಒಣಗುತ್ತಿದೆ, ನಿಲ್ಲುತ್ತಿದೆ, ಆದರೆ ತಿನ್ನುವುದನ್ನೇ ಬಿಟ್ಟಿದೆ. ಸಾಯಲು ಹೊರಟಿದೆ ಎಂದುಕೊಂಡೆ. ಡಾಕ್ಟರಿಗೆ ಒಪ್ಪಿಕೊಂಡ ಮಾತು ಒಪ್ಪಿಕೊಂಡದ್ದೇ. ಸೋಮವಾರ ಬೆಳಿಗ್ಗೆ ಬುಟ್ಟಿಗೆ ಒಗೆದ ಸೀರೆ ಹಾಸಿದೆ.

"ನಾನೂ ಬರ್ತೀನಿ," ಎಂದಳು ಅಜ್ಜಿ. ಕೈಚೀಲ ಹಿಡಿದು ತಯಾರಾಗಿದ್ದಳು. "ಕೋಟೆ ಹತ್ರ ಸಾಮಾನು ತರೋದಿದೆ."

ಬಸ್ಸಿನಲ್ಲಿ ಬುಟ್ಟಿಯಿಂದ ದೂರ, ಎರಡು ಸೀಟು ಹಿಂದೆ ಕೂತಳು. ಕೋಟೆಯ ಹತ್ತಿರ ಇಳಿಯಲಿಲ್ಲ. ನನ್ನ ಹಿಂದೆಯೇ ದುರ್ಗಿಗುಡಿಗೆ ಬಂದಳು.

ಪ್ರಸನ್ನಕುಮಾರ್ ಗಾಯ ನೋಡಿ ಹುಬ್ಬೇರಿಸಿದರು. ಕಡ್ಲೆಯನ್ನು ನೆಲಕ್ಕಿಳಿಸಿದರು. ಅದು ನಿಂತಿತು. ಎಡ ಹಿಂಗಾಲಿನ ಉಗುರು ನೆಲದ ಮೇಲೆ ಟಕ್ ಟಕ್ ಎಂದು ಬಡಿಯುತ್ತಿತ್ತು, ಆದರೂ ಬೀಳಲಿಲ್ಲ. ಡಾಕ್ಟರ್ ಬಿಸ್ಕತ್ತು ಮುರಿದು ಮುಂದಿಟ್ಟರು. ಮೂಸಿತು, ಮುಖ ತಿರುಗಿಸಿತು.

"ನಿನ್ನೆ ತಾನೇ ತಿಂತಾ?"

ಸುಳ್ಳು ಹೇಳಬಹುದಿತ್ತು. "ಇಲ್ಲ ಸರ್. ಎರಡು ದಿನದಿಂದ ಸಿರಿಂಜಲ್ಲೂ ಇಲ್ಲ."

"ಎರಡೂ ಬೇಕು ಅಂದಿದ್ದೆ ಅಲ್ವಾ," ಎಂದು ಅವರು ಔಷಧದ ಬೀರುವಿನ ಕಡೆ ತಿರುಗಿದರು.

"ಸ್ವಲ್ಪ ತಡೀರಿ ಡಾಕ್ಟ್ರೇ," ಎಂದು ಬಾಗಿಲ ಬೆಂಚಿನಿಂದ ಅಜ್ಜಿ ಎದ್ದಳು. ಕೈಚೀಲದಿಂದ ಸ್ಟೀಲ್ ಡಬ್ಬಿ ತೆಗೆದು, ಅದರ ಮುಚ್ಚಳದಲ್ಲಿ ಏನೋ ಸುರಿದು, ನಾಯಿಯಿಂದ ಒಂದು ಮಾರು ದೂರದಲ್ಲಿ ನೆಲಕ್ಕಿಟ್ಟಳು. ಆಮೇಲೆ ಗೋಡೆಗೆ ಮುಖ ಮಾಡಿ, ತಲೆ ಮೇಲೆ ಸೆರಗೆಳೆದುಕೊಂಡು ನಿಂತಳು.

"ಯಾರೂ ನೋಡಬೇಡಿ. ನೋಡಿದ್ರೆ ತಿನ್ನಲ್ಲ."

ಡಾಕ್ಟರಿಗೆ ಏನನ್ನಿಸಿತೋ, ಕ್ಯಾಲೆಂಡರ್ ಕಡೆ ತಿರುಗಿದರು. ನಾನು ತಿರುಗಲಿಲ್ಲ. ಕಡ್ಲೆ ಅಜ್ಜಿಯ ಬೆನ್ನನ್ನು ಬಹಳ ಹೊತ್ತು ನೋಡಿತು. ಆಮೇಲೆ ವಾಲುತ್ತ ಹೋಗಿ, ಮುಚ್ಚಳಕ್ಕೆ ಬಾಯಿ ಹಾಕಿ, ಪೂರ್ತಿ ತಿಂದು ಮುಚ್ಚಳವನ್ನೂ ನೆಕ್ಕಿತು. ಎರಡು ದಿನ ಅದು ನನ್ನ ಸಿರಿಂಜಿಗೆ ಬಾಯಿ ತೆರೆಯದಿದ್ದದ್ದು ಹೊಟ್ಟೆ ತುಂಬಿದ್ದರಿಂದ. ನಾನು ಸ್ನಾನಕ್ಕೆ ಹೋದಾಗ, ಬಟ್ಟೆ ಒಗೆಯುವಾಗ ಇದು ನಡೆದಿತ್ತು.

"ಏನಮ್ಮ ಅದು ಕೊಟ್ಟಿದ್ದು?" ಎಂದರು ಡಾಕ್ಟರ್.

"ಆಲೂಗಡ್ಡೆ," ಎಂದಳು ಅಜ್ಜಿ, ಗೋಡೆಗೇ.

ಕಡ್ಲೆಯ ಮೀಸೆಗೆ ಮೊಟ್ಟೆಯ ಹಳದಿ ಅಂಟಿತ್ತು. ಡಾಕ್ಟರ್ ಅದನ್ನು ನೋಡಿದರು, ಅಜ್ಜಿಯ ಕೊರಳಿನ ಶಿವದಾರವನ್ನೂ ನೋಡಿದರು. ಕೂತು ಚೀಟಿ ಬರೆಯತೊಡಗಿದರು. "ಒಳ್ಳೆ ಆಲೂಗಡ್ಡೆ. ದಿನಕ್ಕೊಂದು ಕೊಡಿ. ಗಾಯ ಮಾಗುತ್ತೆ. ಫಿಟ್ಸ್ ಪೂರ್ತಿ ನಿಲ್ಲಲ್ಲ, ಕಾಲೂ ಹೀಗೇ ಇರುತ್ತೆ. ಮಾತ್ರೆ ಜೀವನಪೂರ್ತಿ. ತಪ್ಪಿಸಬಾರದು."

"ನಾನು ತಪ್ಪಿಸಿದ್ದೆ," ಎಂದಳು ಅಜ್ಜಿ. "ಬರೆ ಹಾಕಿದ್ದೂ ನಾನೇ."

ಡಾಕ್ಟರ್ ಪೆನ್ನು ನಿಲ್ಲಿಸಿದರು. ಅವಳನ್ನು ಬೈಯುತ್ತಾರೆಂದುಕೊಂಡೆ. ಚೀಟಿಯನ್ನು ನನಗೆ ಕೊಡದೆ ಅವಳ ಕೈಗೆ ಕೊಟ್ಟರು.

ವಾಪಸ್ ಬರುವಾಗ ಬಸ್ಸಿನಲ್ಲೇ ಕಡ್ಲೆಗೆ ಫಿಟ್ಸ್ ಬಂತು. ಗಡಿಯಾರ ನೋಡಿದೆ, ನಲವತ್ತು ಸೆಕೆಂಡು. ಎದುರು ಸೀಟಿನವರು ಕಾಲು ಮೇಲೆತ್ತಿಕೊಂಡರು. ಅಜ್ಜಿ ಹಿಂದಿನ ಸೀಟಿನಿಂದ ಎದ್ದು ಬಂದು, ಬುಟ್ಟಿಯನ್ನು ಮುಟ್ಟದೆ, ನೊರೆ ಒರೆಸಲು ಬಟ್ಟೆ ಕೊಟ್ಟಳು.

"ಏಳು ಗಂಟೆಗೆ ಇನ್ನೂ ಎಷ್ಟು ಹೊತ್ತಿದೆ?"

"ಐದು ಗಂಟೆ ಹೊತ್ತು."

ಮಾತ್ರೆಯ ಪಟ್ಟಿಯನ್ನು ಅವಳು ಎಲೆಅಡಿಕೆ ಚೀಲದೊಳಗೆ, ಸುಣ್ಣದ ಡಬ್ಬಿಯ ಪಕ್ಕದಲ್ಲಿಟ್ಟು ದಾರ ಎಳೆದು ಬಿಗಿದಳು.