ಪ್ರಶ್ನೆಪತ್ರಿಕೆಯ ಉಳಿದ ಪ್ರಶ್ನೆಗಳು

ಕಟಿಂಗ್ ಅಂಗಡಿಯವನಿಗೆ ಗಿರಾಕಿಗಳು ಇಟ್ಟ ಹೆಸರು ಪ್ರಶ್ನೆಪತ್ರಿಕೆ. ಇಟ್ಟವರ ತಪ್ಪೇನೂ ಇಲ್ಲ. ಕುತ್ತಿಗೆಗೆ ಬಿಳಿ ಬಟ್ಟೆ ಬಿಗಿದು, ಕಿವಿಯ ಹತ್ತಿರ ಕತ್ತರಿ ಆಡಿಸುತ್ತ, ಮನುಷ್ಯ ಅಲ್ಲಾಡಲಾರದ ಹೊತ್ತು ನೋಡಿಯೇ ಕೇಳುತ್ತಿದ್ದ: "ಅಲ್ಲಾ ಸ್ವಾಮಿ, ಈ ಬಿಸ್ಕತ್ತಿಗೆ ತೂತು ಯಾಕೆ ಮಾಡ್ತಾರೆ?" ಗಿರಾಕಿ ತಲೆಯಾಡಿಸುವ ಹಾಗೂ ಇಲ್ಲ, ಎದ್ದು ಹೋಗುವ ಹಾಗೂ ಇಲ್ಲ. ಗಂಡಸರ ಅಂಗಿಯ ಗುಂಡಿ ಒಂದು ಕಡೆ, ಹೆಂಗಸರದು ಇನ್ನೊಂದು ಕಡೆ, ಇದನ್ನು ಶುರು ಮಾಡಿದ ಪುಣ್ಯಾತ್ಮ ಯಾರು? ಕೈ ಕುಲುಕುವುದನ್ನು ಯಾರು ಯಾರಿಗೆ ಕಲಿಸಿದರು? ಮೆಣಸಿನಕಾಯಿ ಸಮುದ್ರ ದಾಟಿ ಬರುವುದಕ್ಕೆ ಮುಂಚೆ ಜನ ಏನು ತಿಂದು ಕಣ್ಣೀರು ಹಾಕುತ್ತಿದ್ದರು? ಉತ್ತರ ಸಿಕ್ಕರೆ ಅಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ಉತ್ತರದ ಬಾಲಕ್ಕೆ ಇನ್ನೊಂದು ಪ್ರಶ್ನೆ ಕಟ್ಟದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ.

ಮನೆಯಲ್ಲೂ ಅದೇ ಪಾಡು. ಹೆಂಡತಿ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅಡುಗೆಯವಳು. ಮುನ್ನೂರು ಜನರ ಊಟ ಬೇಯಿಸಿ, ಬಡಿಸಿ, ಒಲೆ ಒರೆಸಿ ಮನೆ ಸೇರುವಷ್ಟರಲ್ಲಿ ಅವಳ ಪಾದ ಊದಿ ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಮೂಡಿರುತ್ತಿತ್ತು. "ನನ್ನ ತಲೆ ತಿನ್ಬೇಡಿ, ಊಟ ತಿನ್ನಿ" ಎಂದು ತಟ್ಟೆ ಇಡುತ್ತಿದ್ದಳು. ಅವನು ನಕ್ಕು, ಉಂಡು, ಅಂಚೆ ಕಾರ್ಡು ತೆಗೆದು ಅದೇ ಪ್ರಶ್ನೆಯನ್ನು ಪತ್ರಿಕೆಗೆ ಬರೆಯುತ್ತಿದ್ದ. ಭಾನುವಾರದ ಪುಟದಲ್ಲಿ 'ಇದರ ಮೂಲವೇನು?' ಎಂಬ ಅಂಕಣವಿತ್ತು. ನಿವೃತ್ತ ಮೇಷ್ಟ್ರೊಬ್ಬರು ಉತ್ತರ ಬರೆಯುತ್ತಿದ್ದರು. ಸರದಿ ಬರಲು ನಾಲ್ಕೈದು ತಿಂಗಳು ಹಿಡಿಯುತ್ತಿತ್ತು. ಕೇಳಿದ್ದನ್ನು ತಾನೇ ಮರೆತಿದ್ದವನು ಅಚ್ಚಾದದ್ದನ್ನು ಕಂಡು ಕುಣಿಯುತ್ತಿದ್ದ. ಅವಳು ಆ ಪುಟವನ್ನು ಡಬ್ಬದ ತಳಕ್ಕೆ ಹಾಸುತ್ತಿದ್ದಳು.

ಅವನು ಹೋಗಿ ಐದು ತಿಂಗಳಾಯಿತು. ಹೋದ ದಿನ ಮಂಗಳವಾರ. ಬೆಳಗ್ಗೆ ಅವಳು ಚಪ್ಪಲಿ ಮೆಟ್ಟುತ್ತಿದ್ದಾಗ ಬಾಗಿಲ ಹತ್ತಿರ ಬಂದು ನಿಂತಿದ್ದ.

"ಲೇ, ಒಂದು ಕೇಳ್ಬೇಕಿತ್ತು ಕಣೇ."

"ಸಂಜೆ ಕೇಳಿ. ಬಸ್ಸು ತಪ್ಪತ್ತೆ."

"ಒಂದೇ ಒಂದು."

"ನಿಮ್ಮ ಒಂದು ಅಂದ್ರೆ ಎಷ್ಟು ಅಂತ ನಂಗೊತ್ತಿಲ್ವಾ? ಸಂಜೆ ಅಂದ್ನಲ್ಲ!"

ಮಧ್ಯಾಹ್ನ, ಒಬ್ಬ ಗಿರಾಕಿ ಎದ್ದು ಇನ್ನೊಬ್ಬ ಕೂರುವ ನಡುವೆ, ಅವನು ಎದೆ ಒತ್ತಿಕೊಂಡು ಗಿರಾಕಿಯ ಕುರ್ಚಿಯಲ್ಲಿ ಕೂತ. ಮತ್ತೆ ಏಳಲಿಲ್ಲ. ತಂದದ್ದು ಅವಳದೇ ಆಸ್ಪತ್ರೆಗೆ. ಕೈಯಲ್ಲಿದ್ದ ಸೌಟನ್ನೂ ಇಡದೆ ಓಡಿ ಬಂದಳು. ಡಾಕ್ಟರು ಅವಳ ಮುಖ ನೋಡದೆ ಸೌಟನ್ನೇ ನೋಡುತ್ತ ಹೇಳಿದರು.

ಆಮೇಲೆ ಎಲ್ಲರೂ ಬಂದು ಸಮಾಧಾನ ಹೇಳಿದರು. ಅವಳ ತಲೆಯಲ್ಲಿ ಮಾತ್ರ ಒಂದೇ ಹುಳು ಕೊರೆಯುತ್ತಿತ್ತು: ಅವತ್ತು ಏನು ಕೇಳಬೇಕೆಂದಿದ್ದರು? ಅರ್ಧ ನಿಮಿಷದ ಮಾತು. ಬಸ್ಸು ತಪ್ಪಿದ್ದರೆ ಇನ್ನೊಂದು ಬರುತ್ತಿತ್ತು.

ಎರಡನೆಯ ಭಾನುವಾರ, ಡಬ್ಬಕ್ಕೆ ಹಾಸಲು ಪುಟ ಮಡಿಸುವಾಗ ಕಣ್ಣಿಗೆ ಬಿತ್ತು. 'ಬಿಸ್ಕತ್ತಿಗೆ ತೂತು ಏಕೆ? – ಪ್ರಶ್ನೆಪತ್ರಿಕೆ, ಕಟಿಂಗ್ ಅಂಗಡಿ.' ಕೆಳಗೆ ಮೇಷ್ಟ್ರ ಉತ್ತರ: ಬೇಯುವಾಗ ಒಳಗಿನ ಆವಿ ಹೊರಗೆ ಹೋಗಲಿ, ಉಬ್ಬಿ ಒಡೆಯದಿರಲಿ ಎಂದು. ಅವಳು ನೆಲದಲ್ಲಿ ಕುಸಿದು ಗೋಳೋ ಎಂದು ಅತ್ತಳು. ಮಣ್ಣಾದವನು ಇಷ್ಟು ಸಲೀಸಾಗಿ ಬಿಸ್ಕತ್ತಿನ ವಿಚಾರ ಮಾತಾಡಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಅಂದಿನಿಂದ ಅವಳಿಗೆ ವಾರವೆಂದರೆ ಭಾನುವಾರ. ಗುಂಡಿ ಬಂತು, ಹಲವರು ಹಲವು ಕಾರಣ ಹೇಳುತ್ತಾರೆ, ಖಚಿತವಾಗಿ ಯಾರಿಗೂ ಗೊತ್ತಿಲ್ಲ ಎಂದಿದ್ದರು ಮೇಷ್ಟ್ರು. ಕೈ ಕುಲುಕುವುದು ಬಂತು. ಮೆಣಸಿನಕಾಯಿ ಬಂತು. ಒಂದೊಂದನ್ನೂ ಓದುವ ಮೊದಲು ಅವಳು ಕೇಳಿಕೊಳ್ಳುತ್ತಿದ್ದಳು: ಅವತ್ತಿನದು ಇದೇನಾ? ಕಂಡರೆ ಗೊತ್ತಾಗಿಯೇ ಆಗುತ್ತದೆ ಎಂದು ಅವಳ ನಂಬಿಕೆ. ಆದರೆ ಯಾವುದೂ ಅದಲ್ಲ. ಹೀಗಿರುವಾಗ ಮೂರು ಭಾನುವಾರ ಅವನ ಹೆಸರೇ ಬರಲಿಲ್ಲ. ನಾಲ್ಕನೆಯದಕ್ಕೆ ಕಾಯಲಾರದೆ ಅವಳು ಕ್ಯಾಂಟೀನಿಗೆ ರಜೆ ಹಾಕಿ ಪತ್ರಿಕೆಯ ಕಚೇರಿಗೆ ಹೋದಳು.

ಮೇಷ್ಟ್ರ ಕೋಣೆ ಮೂರನೆಯ ಮಹಡಿಯಲ್ಲಿ, ಹಳೆಯ ಸಂಚಿಕೆಗಳ ಕಟ್ಟುಗಳ ನಡುವೆ. ಬೂಟಿನ ರಟ್ಟಿನ ಪೆಟ್ಟಿಗೆಗಳಲ್ಲಿ ಕಾರ್ಡುಗಳನ್ನು ಜೋಡಿಸಿಟ್ಟಿದ್ದರು.

"ಓಹೋ, ಪ್ರಶ್ನೆಪತ್ರಿಕೆಯವರ ಮನೆಯವರಾ! ಕೂತ್ಕೊಳ್ಳಿ ತಾಯಿ. ಎಲ್ಲಿ ಅವರು? ಐದು ತಿಂಗಳಿಂದ ಒಂದು ಕಾರ್ಡೂ ಇಲ್ಲ. ನನ್ನ ಮೇಲೆ ಮುನಿಸ್ಕೊಂಡ್ರಾ ಹೇಗೆ?"

"ಬೇಡ, ನಿಂತೇ ಅಭ್ಯಾಸ" ಎಂದಳು. ಆಮೇಲೆ ವಿಷಯ ಹೇಳಿದಳು.

ಮೇಷ್ಟ್ರು ಕನ್ನಡಕ ತೆಗೆದು ತುಂಬ ಹೊತ್ತು ಒರೆಸಿದರು. "ಹನ್ನೆರಡು ವರ್ಷ ಜಗಳ ಆಡಿದೀವಿ ತಾಯಿ, ಕಾಗದದಲ್ಲೇ. ಮುಖ ನೋಡಿಲ್ಲ" ಎಂದರು.

"ಇನ್ನೆಷ್ಟು ಉಳಿದಿವೆ ಮೇಷ್ಟ್ರೇ?"

"ಒಂದೇ. ಅದನ್ನ ನಾನು ಹಾಕ್ಲಿಲ್ಲ. ಎಷ್ಟು ಪುಸ್ತಕ ತಿರುವಿದ್ರೂ ಮೂಲ ಸಿಗ್ಲಿಲ್ಲ."

ಅವರು ತೆಗೆದುಕೊಟ್ಟದ್ದು ಕಾರ್ಡಲ್ಲ, ಲಕೋಟೆಯಲ್ಲಿಟ್ಟ ಕಾಗದ. ಮೇಲೆ ತಾರೀಕು ಹಾಕಿತ್ತು. ಅದೇ ಮಂಗಳವಾರ.

'ಮೇಷ್ಟ್ರಿಗೆ ನಮಸ್ಕಾರ. ಎಲ್ಲರಿಗೂ ಬಡಿಸಿ ತಾನು ಮಾತ್ರ ನಿಂತು ಉಣ್ಣುವ ಪದ್ಧತಿ ಎಲ್ಲಿಂದ ಬಂತು? ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷವಾಯಿತು. ನನ್ನ ಹೆಂಡತಿ ಒಂದು ದಿನವೂ ನನ್ನ ಜೊತೆ ಕೂತು ಊಟ ಮಾಡಿಲ್ಲ. ಒಲೆಯ ಪಕ್ಕ ನಿಂತು, ತಟ್ಟೆ ಕೈಯಲ್ಲಿ ಹಿಡಿದೇ ತಿನ್ನುತ್ತಾಳೆ. ಈಗ ಮನೆಯಲ್ಲಿ ನಾಲ್ಕು ಕುರ್ಚಿಗಳಿವೆ. ಇದು ಅವಳ ತವರಿನ ಪದ್ಧತಿಯೋ, ಇಲ್ಲ ನನ್ನ ಎದುರು ಕೂರುವುದೇ ಅವಳಿಗೆ ಇಷ್ಟವಿಲ್ಲವೋ ತಿಳಿಯದು. ಲೋಕದ್ದೆಲ್ಲ ಕೇಳುವ ನನಗೆ ಇದೊಂದನ್ನು ಕೇಳಲು ಇಷ್ಟು ವರ್ಷ ಧೈರ್ಯ ಬರಲಿಲ್ಲ. ಇವತ್ತು ಬೆಳಗ್ಗೆ ಕೇಳಲು ಹೋದೆ. ಸಂಜೆ ಅಂದಿದ್ದಾಳೆ. ಸಂಜೆ ಮತ್ತೆ ಧೈರ್ಯ ಬರುತ್ತದೋ ಇಲ್ಲವೋ. ನಿಮಗೆ ಗೊತ್ತಿದ್ದರೆ ತಿಳಿಸಿ. ಹೆಸರು ಹಾಕಬೇಡಿ, ಬಯ್ಯುತ್ತಾಳೆ.'

ಅವಳು ಮೇಷ್ಟ್ರು ತಳ್ಳಿದ ಕುರ್ಚಿಯಲ್ಲಿ ಕೂತಳು.

"ಪುಸ್ತಕದಲ್ಲಿ ಎಲ್ಲಿ ಸಿಗತ್ತೆ ಮೇಷ್ಟ್ರೇ" ಎಂದಳು. "ಅದು ಗೊತ್ತಿರೋದು ನನಗೊಬ್ಬಳಿಗೇ."

ಮೂಲ ಹೀಗಿತ್ತು. ಮದುವೆಯಾದ ಹೊಸತರಲ್ಲಿ ಅವರದು ಲಾಂಡ್ರಿಯ ಹಿಂದಿನ ಒಂದೇ ಕೋಣೆ. ನೆಲದಲ್ಲಿ ಸದಾ ನೀರು ಒಸರುತ್ತಿತ್ತು, ಕೆಳಗೆ ಕೂರುವ ಮಾತೇ ಇಲ್ಲ. ಇದ್ದದ್ದು ಒಂದೇ ಕುರ್ಚಿ. ತಲೆಯಾನಿಸುವ ಹಲಗೆ ಮುರಿದದ್ದೆಂದು ಅಂಗಡಿಯಿಂದ ಹೊರಗೆ ಹಾಕಿದ್ದನ್ನು ಹೊತ್ತು ತಂದಿದ್ದ. ಇಡೀ ದಿನ ನಿಂತು ಕತ್ತರಿ ಆಡಿಸಿ ಬಂದವನ ಕಾಲಲ್ಲಿ ನರಗಳು ಗಂಟುಗಂಟಾಗಿ ಎದ್ದಿರುತ್ತಿದ್ದವು. ಆದರೂ ಮೊದಲ ದಿನ ಅವನು, "ನೀನು ಕೂತ್ಕೊ, ನಾನು ಆಮೇಲೆ" ಎಂದು ಹಟ ಹಿಡಿದ. ಅವಳೂ ಬೆಳಗಿನಿಂದ ಕ್ಯಾಂಟೀನಿನ ಒಲೆಯ ಮುಂದೆ ನಿಂತೇ ಇದ್ದವಳು. ಅದನ್ನು ಹೇಳಿದ್ದರೆ ಅವನು ಕೂರುತ್ತಿರಲಿಲ್ಲ. "ಅಯ್ಯೋ, ಈರುಳ್ಳಿ ಬಿಡಿಸ್ತಾ ದಿನವಿಡೀ ಕೂತು ಕೂತು ಸಾಕಾಗಿದೆ ನಂಗೆ, ನಿಂತ್ಕೊಂಡ್ರೇ ಹಾಯಿ" ಎಂದು ಬಾಯಿಗೆ ಬಂದ ಸುಳ್ಳು ಬಿಟ್ಟಳು. ಅವನು ನಂಬಿ ಕೂತ. ಮರುದಿನವೂ ಅಷ್ಟೇ. ಮನೆ ಬದಲಾಯಿತು, ಕುರ್ಚಿಗಳು ಬಂದವು. ಅಷ್ಟರಲ್ಲಿ ಕಾಲಿಗೆ ಅದೇ ರೂಢಿಯಾಗಿತ್ತು. ತಾನು ನಿಂತಿದ್ದೇನೆ ಎಂಬುದೇ ಅವಳಿಗೆ ಮರೆತಿತ್ತು. ಅವನಿಗೆ ಮರೆತಿರಲಿಲ್ಲ. ಅವಳೊಂದು ಮಾತು ಹೇಳಿದ್ದರೆ ಅವನಿಗೆ ಸಾಕಿತ್ತು, ಪಾಪ.

"ಈ ಉತ್ತರಾನ ಬರೆದು ಹಾಕ್ಲಾ ತಾಯಿ? ಹೆಸರಿಲ್ಲದೆ?" ಮೇಷ್ಟ್ರು ಕೇಳಿದರು.

"ಬೇಡ ಮೇಷ್ಟ್ರೇ. ಅವರು ಕೇಳಿದ್ದು ನನ್ನನ್ನ. ನಾನೇ ಹೇಳ್ತೀನಿ."

ಮನೆಗೆ ಬಂದು ಅನ್ನ ಬಿಸಿ ಮಾಡಿದಳು. ತಟ್ಟೆಯನ್ನು ಕೈಯಲ್ಲಿ ಹಿಡಿಯದೆ ಮೇಜಿನ ಮೇಲಿಟ್ಟಳು. ತಲೆಯ ಹಲಗೆ ಮುರಿದ ಅವನ ಕುರ್ಚಿ ಇದ್ದಲ್ಲೇ ಇತ್ತು. ಅದರ ಎದುರಿನದನ್ನು ಎಳೆದುಕೊಂಡು ಕೂತಳು. ಅಲ್ಲಿಂದ ಕಿಟಕಿ ಬೇರೆ ಥರ ಕಾಣುತ್ತಿತ್ತು. ಇಷ್ಟು ವರ್ಷ ಅವನು ಉಣ್ಣುವಾಗ ಅವಳಿಗೆ ಕಂಡದ್ದು ಅವನ ನೆತ್ತಿ ಮಾತ್ರ. ಇಲ್ಲಿ ಕೂತಿದ್ದರೆ ಮುಖ ಕಾಣುತ್ತಿತ್ತು.

"ಇಷ್ಟವಿಲ್ದೆ ಅಲ್ಲ ಕಣ್ರೀ" ಎಂದಳು. "ಇದ್ದದ್ದು ಒಂದೇ ಕುರ್ಚಿ. ನಿಮ್ಮ ಕಾಲು ನೋಯ್ತಿತ್ತು. ಅದಕ್ಕೆ."

ಹೇಳಿ, ಸುಮ್ಮನೆ ಕಾದಳು. ಉತ್ತರ ಕೊಟ್ಟರೆ ಬಿಡುವ ಗಿರಾಕಿಯಲ್ಲ ಅವನು. ಬಾಲಕ್ಕೆ ಇನ್ನೊಂದು ಕಟ್ಟುತ್ತಿದ್ದ. ನಿನ್ನ ಕಾಲು ನೋಯ್ತಿರ್ಲಿಲ್ವಾ ಅಂತ ಖಂಡಿತ ಕೇಳುತ್ತಿದ್ದ. ಅದಕ್ಕೂ ಉತ್ತರ ಇಟ್ಟುಕೊಂಡು ಕೂತಿದ್ದಳು. ಅನ್ನ ಆರಿತು. ಯಾರೂ ಏನೂ ಕೇಳಲಿಲ್ಲ.